ಮನುಷ್ಯನದು, ಮನುಷ್ಯರಿಗಲ್ಲ

ಹತ್ತು ಮೈಕ್ರೋಗ್ರಾಮು.
ಉಗುರಿನ ಸಂದಿಯ ಕೊಳೆಯೂ ಇದಕ್ಕಿಂತ ಹೆಚ್ಚು ತೂಗೀತು.
ಡ್ರೈ ಐಸಿನ ಹೊಗೆಯೊಳಗೆ ಕೈಯಿಟ್ಟು
ಎತ್ತಿಕೊಂಡೆ ಕಿರುಬೆರಳ ತುದಿಯಷ್ಟು ಸೀಸೆ.
ಮೈಗೆ ಸುತ್ತಿದ ಚೀಟಿಯಲ್ಲಿ
ಮೊದಲ ಸಾಲು: ಮನುಷ್ಯನದು.
ಕೊನೆಯ ಸಾಲು: ಮನುಷ್ಯರಿಗಲ್ಲ.

ಡಂಡೀ. ನವೆಂಬರ್. ನಾಲ್ಕಕ್ಕೇ ಕತ್ತಲು.
ಕಿಟಕಿಯಾಚೆ ಟೇ ನದಿ ಇನ್ನೂ ಇದೆಯೆಂದು
ಸೇತುವೆ ದಾಟುವ ರೈಲಿನ ದೀಪ ಹೇಳಿದರೆ ಮಾತ್ರ ಗೊತ್ತು.

ಮನುಷ್ಯನದು ಹೇಗಾದೀತು?
ಇದು ಬೆಂದ ಅಡುಗೆಮನೆ ಒಂದು ಹುಳುವಿನದು,
ಜೋಳದ ಸುಳಿ ಕೊರೆಯುವ ಸೈನಿಕ ಹುಳು;
ಅದರ ಅಂಡಾಶಯದಿಂದ ಎಂದೋ ತೆಗೆದ ಕೋಶಗಳು
ಸಾಯುವುದನ್ನು ಮರೆತು ಇಂದಿಗೂ
ಊರೂರಿನ ಸೀಸೆಗಳಲ್ಲಿ ಈಜುತ್ತಿವೆ.
ಒಕ್ಕಣೆ ಹೊತ್ತು ಒಳಹೊಕ್ಕಿದ್ದು ಒಂದು ವೈರಸ್ಸು.
ಹಿಡಿದೆಳೆಯಲೆಂದು ಹೊಲಿದ ಬಾಲವೋ,
ಬಸವನಹುಳುವಿನ ಹೊಟ್ಟೆಯಲ್ಲಿ ಬಾಲ್ಯ ಕಳೆದು
ರಕ್ತನಾಳದಲ್ಲಿ ಸಂಸಾರ ಹೂಡುವ ಇನ್ನೊಂದು ಹುಳುವಿನದು.
ಮೂರು ಮನೆಯ ಉಪ್ಪುಂಡ ಕೂಸಿಗೆ
ಯಾರ ಮನೆತನದ ಹೆಸರಿಡಲಿ?

ಆದರೂ ಒಕ್ಕಣೆ ಮನುಷ್ಯನದೇ.
ಎಲ್ಲೋ, ಯಾರದೋ ಶ್ವಾಸಕೋಶದಲ್ಲಿ
ಎರಡನೆಯ ವರ್ಣತಂತು ಎರಡು ಕಡೆ ಕಡಿದು
ನಡುವಿನ ತುಂಡು ತಲೆಕೆಳಗಾಗಿ ಹೊರಳಿ
ಮತ್ತೆ ಕೂಡಿಕೊಂಡಿತು. ಅಷ್ಟೆ.
ಸದ್ದಿಲ್ಲ. ಅವರು ಆಗ
ಬಸ್ಸಿಗೆಂದು ಚಿಲ್ಲರೆ ಎಣಿಸುತ್ತಿದ್ದಿರಬಹುದು.

ಏಳೂವರೆಗೆ ನೆಲ ಒರೆಸಲು ನೆಟ್ಟಾ ಗೆಡ್ಡಿಸ್ ಬಂದಳು.
ಹದಿನೈದಕ್ಕೇ ಸೆಣಬಿನ ಗಿರಣಿ ಸೇರಿ
ಮಗ್ಗದ ಗದ್ದಲಕ್ಕೆ ಎಡಗಿವಿ ತೆತ್ತು
ಕೈಯಲ್ಲೇ ಮಾತಾಡಲು ಕಲಿತವಳು.
ಇವತ್ತೇನು ಬಂತು ಪೆಟ್ಟಿಗೆಯಲ್ಲಿ? ಹುಬ್ಬು ಕೇಳಿತು.
ಗೀಚಿ ತೋರಿಸಿದೆ: ಈ ಎಳೆ, ಆ ಎಳೆ, ನಡುವೆ ಬೆಸುಗೆ.
ಕೈಗವಸು ಕಳಚಿ, ತನ್ನ ಏಪ್ರನ್ನಿನ ದಾರದ ಎರಡು ತುದಿ
ಹೆಬ್ಬೆರಳಡಿ ಒತ್ತಿ, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ
ನೇಕಾರರ ಗಂಟು ಹಾಕಿದಳು.
"ಎಳೆ ಕಡಿದರೆ ಮಗ್ಗ ನಿಲ್ಲುತ್ತೆ ಕಣೇ ಇಷ್ಬೆಲ್.
ತಪ್ಪು ಎಳೆಗೆ ಗಂಟು ಬಿದ್ದರೆ ನಿಲ್ಲೋದೇ ಇಲ್ಲ.
ಗಂಟು ಗಟ್ಟಿಯಿದ್ದಷ್ಟೂ ಕೆಟ್ಟ ಬಟ್ಟೆ
ಗಜಗಟ್ಟಲೆ ಬೀಳ್ತಾನೇ ಇರುತ್ತೆ,
ಮೇಸ್ತ್ರಿ ಬಂದು ನೋಡೋವರೆಗೂ."

ನನ್ನ ಮೂರು ವರ್ಷದ ವರದಿಗಳಲ್ಲಿ
ಇಷ್ಟು ನೇರವಾದ ವಾಕ್ಯ ಒಂದೂ ಇಲ್ಲ.

"ಜೀವ ಇದೆಯಾ ಇದಕ್ಕೆ?"
ಜೀವ ಇಲ್ಲ, ಕೆಲಸ ಇದೆ, ಎಂದೆ.
"ಹಾಗಾದರೆ ರಾತ್ರಿ ಪಾಳಿಯದು," ಎಂದು
ಬಕೀಟು ತಳ್ಳಿಕೊಂಡು ಹೋದಳು.

ಮುನ್ನೂರ ಎಂಬತ್ತನಾಲ್ಕು ಕುಳಿಯ ತಟ್ಟೆ.
ಎಲ್ಲಕ್ಕೂ ಹನಿ ಹನಿ ಪ್ರೋಟೀನು, ಉರಿಸಲು ಇಂಧನ,
ಎಡದಿಂದ ಬಲಕ್ಕೆ ಏರುತ್ತ ಹೋಗುವ ಮದ್ದು.
ದುಡಿಮೆ ನಡೆದ ಕುಳಿ ಬೆಳಗುತ್ತದೆ.
ಇಲ್ಲಿ ಬೆಳಕೆಂದರೆ ಕೆಟ್ಟ ಸುದ್ದಿ.
ಮುಸ್ಸಂಜೆ ಹೊತ್ತಲ್ಲಿ ಕೂತು
ದೀಪ ಆರಲಿ ಎಂದು ಬೇಡುವ ಕಸುಬು ನನ್ನದು.

ಒಂಬತ್ತು ಇಪ್ಪತ್ತು. ಪರದೆಯ ಮೇಲೆ
ಸಾಲು ಸಾಲಾಗಿ ಕತ್ತಲು ಬಲಕ್ಕೆ ಇಳಿಯಿತು,
ಅಂಗಡಿ ಬೀದಿ ಬಾಗಿಲು ಹಾಕಿಕೊಂಡ ಹಾಗೆ.
ಮೂರು ಕುಳಿ ಮಾತ್ರ, ಮದ್ದು ಕಂಠಮಟ್ಟ ಇದ್ದರೂ,
ಉರಿಯುತ್ತಲೇ ಇದ್ದವು.
ನನ್ನ ಕೈ ನಡುಗಿತೋ, ಹನಿ ತಪ್ಪಿತೋ,
ಇಲ್ಲ ಅದಕ್ಕೇ ದಾರಿ ಸಿಕ್ಕಿತೋ.
ನಾಳೆ ಮತ್ತೆ ಮಾಡಬೇಕು.

ಉಳಿದದ್ದು ನಾಲ್ಕು ಮೈಕ್ರೋಗ್ರಾಮು.
ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ
ಮಡಿಕೆ ಬಿಚ್ಚಿ, ಬರೀ ಹೆಸರಷ್ಟೇ ಉಳಿಯುತ್ತದೆ.
ಹಳದಿ ಚೀಲಕ್ಕೆ ಹಾಕಿದೆ.
ಯಾರದೋ ಎದೆಯ ಆ ಸಾಲು,
ಕಸದ ಜೊತೆ.

ಗಾಜಿನ ಬಾಗಿಲಾಚೆ ನೆಟ್ಟಾ
ಕೋಟು ಹಾಕಿಕೊಂಡು ನಿಂತಿದ್ದಳು.
ಪರದೆಯತ್ತ ನೋಡಿ, ಅಂಗೈ ಕೆಳಮಾಡಿ
ಎರಡು ಸಲ ಗಾಳಿ ಒತ್ತಿದಳು;
ಗಿರಣಿಯ ಹಳೆಯ ಸನ್ನೆ: ನಿಲ್ಲಿಸು.

ಆ ಮೂರು ಕುಳಿಗೆ ಹೇಳಿದಳೋ
ನನಗೆ ಹೇಳಿದಳೋ.
ಯಂತ್ರ ಆರಿಸಿ, ದಾರಿಯುದ್ದಕ್ಕೂ ಯೋಚಿಸಿದೆ.